ಸಿ ಡ್ರೈವಿನಲ್ಲಿ ಜಾಗ ಮಾಡಿದ್ದು

ಹೊಸ ತಿಪ್ಪಸಂದ್ರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಸುಮಾ ಡಿಟಿಪಿ ಕೆಲಸ ಮಾಡುತ್ತಿದ್ದಳು. ಆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಕೊಡುವುದಾಗಿ ನಾನು ಘೋಷಿಸಿದ ದಿನ, ಅದರೊಳಗೆ ಮಹಡಿಯ ಓನರ್ ಸರೋಜಮ್ಮನವರ ಮಗಳ ಲಗ್ನಪತ್ರಿಕೆ ಇತ್ತು. ಸಂಜೆಯೊಳಗೆ ಅದು ಪ್ರೆಸ್ಸಿಗೆ ಹೋಗಬೇಕಿತ್ತು.

"ಪತ್ರಿಕೆ ಹೋದ್ಮೇಲೆ ಹಾಕ್ಬಾರ್ದೇನ್ರೀ?" ಎಂದಳು ಸುಮಾ.

"ಅರ್ಧ ಗಂಟೆ ಕೆಲ್ಸ. ನೀನು ತರಕಾರಿ ತಗೊಂಡ್ ಬಾ."

ಸಿ.ಡಿ. ಹಾಕಿದೆ. ಸಿ ಡ್ರೈವಿನಲ್ಲಿ ಜಾಗ ಸಾಲದು ಎಂದಿತು ಕಂಪ್ಯೂಟರು. ಇಷ್ಟೇ ತಾನೆ? ಹಬ್ಬಕ್ಕೆ ಸುಣ್ಣ ಹೊಡೆಯುವ ಮುಂಚೆ ಅಟ್ಟದ ಸಾಮಾನನ್ನೆಲ್ಲ ಇಳಿಸಿ ಅಂಗಳದಲ್ಲಿ ಹರಡುವುದಿಲ್ಲವೇ? ಅದೇ ಕ್ರಮದಲ್ಲಿ ಹಾಡು, ಫೋಟೊಗಳನ್ನೆಲ್ಲ ಎಳೆದು ಡೆಸ್ಕ್‌ಟಾಪಿನ ಮೇಲೆ ಹರಡಿದೆ. ಪರದೆ ತುಂಬಿತು. ಜಾಗ ಮಾತ್ರ ಒಂದಿಷ್ಟೂ ಹೆಚ್ಚಲಿಲ್ಲ.

ಸಣ್ಣಗೆ ಭಯ ಶುರುವಾಯಿತು. ಭಯವಾದರೆ ನನ್ನ ಕೈ ಸುಮ್ಮನಿರುವುದಿಲ್ಲ. ಫಾಂಟ್ಸ್ ಎಂಬಲ್ಲಿ ಹೆಸರೇ ಕೇಳಿರದ ಫೈಲುಗಳು ಸಾಲಾಗಿ ಕುಳಿತಿದ್ದವು. ಗುರುತಿಲ್ಲದ್ದನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಶುಚಿತ್ವದ ವಿಷಯದಲ್ಲಿ ನಾನು ಅರ್ಧಕ್ಕೆ ನಿಲ್ಲಿಸುವವನಲ್ಲ.

ಪತ್ರಿಕೆ ಕ್ಷೇಮವೇ ಎಂದು ತೆರೆದು ನೋಡಿದೆ. ಗಣಪತಿಯಿದ್ದ. ಅವನ ಕೆಳಗೆ ಕನ್ನಡವೇ ಇರಲಿಲ್ಲ. ವಧುವಿನ ಜಾಗದಲ್ಲಿ ಡಾಲರ್ ಗುರುತು, ವರನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ!

ಓನರ್ ಮನೆ ಬಿಡಿಸುವುದಕ್ಕೆ ಹೆದರಲೋ, ಸುಮಾ ಮಾತು ಬಿಡುವುದಕ್ಕೆ ಹೆದರಲೋ ತಿಳಿಯದೆ ಎರಡಕ್ಕೂ ಒಟ್ಟಿಗೇ ಹೆದರಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಸರೋಜಮ್ಮ ಒಳಗೆ ಬಂದರು. ಹಿಂದೆಯೇ ತರಕಾರಿ ಚೀಲದೊಂದಿಗೆ ಸುಮಾ.

"ಇದೇನ್ರೀ, ನಮ್ಮಳಿಯನ ಹೆಸ್ರೆಲ್ಲಿ?" ಸರೋಜಮ್ಮ ಪರದೆಯತ್ತ ಬೆರಳು ತೋರಿದರು.

"ಹೊಸ ವಿಂಡೋಸ್‌ಗೆ ಜಾಗ ಮಾಡ್ತಿದ್ದೆ..."

"ಅದಕ್ಕೆ ಅಳಿಯನ್ನೇ ತೆಗೆದ್ಬಿಟ್ರಾ?"

"ಏನೇನ್ ಡಿಲೀಟ್ ಮಾಡಿದ್ರಿ?" ಎಂದಳು ಸುಮಾ.

"ನಂಗೆ ಗುರುತಿಲ್ಲದ್ದನ್ನೆಲ್ಲ."

ಅವಳು ಬೀರುವಿನಿಂದ ಫ್ಲಾಪಿ ತೆಗೆದು ಕನ್ನಡ ಅಕ್ಷರಗಳ ಫಾಂಟುಗಳನ್ನು ಮತ್ತೆ ಹಾಕಿದಳು. ವಧೂವರರು ಕನ್ನಡಕ್ಕೆ ಮರಳಿದರು. ನನಗೆ ಉಸಿರು ಮರಳಿತು.

"ಡೆಸ್ಕ್‌ಟಾಪ್ ಇರೋದೂ ಸಿ ಡ್ರೈವ್‌ನಲ್ಲೇ ರೀ," ಎಂದಳು ತಣ್ಣಗೆ. "ಅಟ್ಟದ ಸಾಮಾನು ಅಟ್ಟದಲ್ಲೇ ಮೂಲೆ ಬದಲಾಯಿಸಿದ ಹಾಗಾಯ್ತು, ಅಷ್ಟೆ." ಎಲ್ಲವನ್ನೂ ಡಿ ಡ್ರೈವಿಗೆ ಸಾಗಿಸಿದಳು. ಬೇಕಾದಷ್ಟು ಜಾಗವಾಯಿತು.

ಹೊರಡುವಾಗ ಸರೋಜಮ್ಮ, "ಸುಮಾ, ಮದ್ವೆ ಪಾತ್ರೆ ಇಳಿಸೋಕೆ ನಾಳೆ ಅಟ್ಟ ಖಾಲಿ ಮಾಡ್ಬೇಕು. ಸ್ವಲ್ಪ ಬರ್ತೀಯೇನಮ್ಮ?" ಎಂದರು.

"ನಾನೇ ಬರ್ತೀನಿ," ಎಂದೆ, ತಪ್ಪು ತೊಳೆದುಕೊಳ್ಳುವ ಆಸೆಯಿಂದ.

ಸರೋಜಮ್ಮ ಬಾಗಿಲಲ್ಲೇ ನಿಂತರು. "ಬೇಡಿ, ನೀವ್ ಬರ್ಬೇಡಿ. ಎಲ್ಲಾ ನಮ್ಮತ್ತೆ ಕಾಲದ ಪಾತ್ರೆ. ನಿಮಗೆ ಒಂದರದ್ದೂ ಗುರುತಿಲ್ಲ."