ನಾದಿನಿಯ ಬಿರಕು ಕೈ, ಪಂಡಿತರ ಔಷಧ

ಔಷಧ ಕೊಡೂ ಮನಿಗಿ ಬರೇ ನರಳೂ ಮಂದಿ ಬರ್ತಾರ ಅಂತ ನೀವು ತಿಳಕೊಂಡಿದ್ರ ನನ್ನ ಕೇಳ್ರಿ. ನಾ ಬೆಟಗೇರಿಯೊಳಗ ನಾಟಿ ಪಂಡಿತರ ಹೇಣ್ತಿ ಆಗಿ ಸಂಸಾರ ಮಾಡಿದಾಕಿ. ಸೆರಗು ಬಾಯಿಗಿ ಒತ್ತಿಕೊಂಡು ಅಡಗಿಮನಿಗಿ ಓಡಿ ನಕ್ಕದ್ದ ಹೆಚ್ಚು. ಇವತ್ತಿಂದು ಮುಗೀತಪಾ ಅನ್ನೂದರೊಳಗ ಮರುದಿವಸ ಇನ್ನೊಂದು ಬಂದು ಬಾಗಲಾ ಬಡೀತಿತ್ತು.

ಆಗ ಸ್ವಾತಂತ್ರ್ಯ ಬಂದು ಭಾಳ ದಿವಸ ಆಗಿರಲಿಲ್ಲ. ಕನ್ನಡದ ಮಂದಿ ಎಲ್ಲಾ ಒಂದ ರಾಜ್ಯ ಆಗಬೇಕು ಅಂತ ಓಣಿ ಓಣಿಯೊಳಗ ಮಾತು ನಡದಿತ್ತು. ಅಂಥಾ ಗದ್ದಲದಾಗೂ ಥಂಡಿ ಬಿತ್ತಂದ್ರ ನಮ್ಮ ಪಡಸಾಲಿ ತುಂಬಿ ಹೋಗತಿತ್ತು. ಒಣಗಾಳಿಗಿ ಒಬ್ಬರ ತುಟಿ ಸೀಳಿರೂದು, ಇನ್ನೊಬ್ಬರ ಹಿಮ್ಮಡ ಒಡದಿರೂದು, ಮೈ ಅಂತೂ ಬೂದಿ ಬಳಕೊಂಡಂಗ.

ನಮ್ಮ ಮನಿಯವರಿಗಿ ಒಂದು ಚಟ. ಔಷಧ ಕೊಡೂ ಮೊದಲ ಕಾರಣ ಹುಡುಕಬೇಕು. "ಏನು ತಿಂತಿ? ಯಾವ ನೀರಾಗ ಜಳಕಾ ಮಾಡ್ತಿ? ಮೈಗಿ ಏನು ತಿಕ್ಕೋತಿ?" ಅಂತ ವಕೀಲರಗತೆ ಸವಾಲು ಹಾಕತಿದ್ರು. ಊರ ಮಂದಿದೆಲ್ಲಾ ಕಾರಣ ಸಿಗತಿತ್ತು. ಸಿಗಲಾರದ್ದು ಒಂದ, ಅವರ ಸ್ವಂತ ತಂಗಿದು. ನನ್ನ ನಾದಿನಿ ಕೈ ಮೊಣಕೈ ತನಕ ಬಿರಕು ಬಿಟ್ಟು, ಸಿಪ್ಪಿ ಎದ್ದಿರತಿತ್ತು. ಕನ್ಯಾ ನೋಡಾಕ ಬಂದ ಮನಿ ಹೆಣ್ಮಕ್ಕಳು ಹುಡುಗಿ ಕೈ ಹಿಡದು ಹತ್ತರ ಕುಂಡ್ರಿಸಿಕೊಂಡು ಮಾತಾಡಸೂದು ನಮ್ಮ ಕಡಿ ಪದ್ಧತಿ. ಎರಡು ಮನೆತನದವರು ಹಂಗ ಕೈ ಹಿಡದು, ಲಗೂನ ಬಿಟ್ಟು, "ಊರಿಗಿ ಹೋಗಿ ತಿಳಸ್ತೀವ್ರಿ" ಅಂದು ಹೋದ್ರು. ತಿಳಸಲೇ ಇಲ್ಲ. "ಪಂಡಿತರ ಮನ್ಯಾಗ ವಾಸಿ ಆಗದ್ದು ಅಂದ ಮ್ಯಾಲ ಏನೋ ದೊಡ್ಡ ರೋಗನ ಇರಬೇಕು" ಅಂತ ಓಣ್ಯಾಗ ಗುಸುಗುಸು ಸುರು ಆತು. ಬಂಗಾರದಂಥಾ ಹುಡುಗಿರಿ.

ಕೆನಿ ಹಚ್ಚಿಕೊಂಡ ರೈತ

ಅಂತೂರ ಬೆಂತೂರದಿಂದ ಒಬ್ಬ ರೈತ ಬಂದ. ಧೋತರ ಮ್ಯಾಲ ಎತ್ತಿ, "ಪಂಡಿತರ, ಕಾಲು ನೋಡ್ರಿ. ಬ್ಯಾಸಗ್ಯಾಗ ಎರಿಹೊಲ ಬಿರತಂಗ ಬಿರತಾವು" ಅಂದ.

ಸವಾಲು ಸುರು ಆದುವು. ಕಡೀಕ ಹೊರಗ ಬಿತ್ತು. ಈ ಪುಣ್ಯಾತ್ಮ ದಿನಾ ಹಂಡೆದಾಗಿನ ಕುದಿಯೂ ನೀರು ಹಾಕ್ಕೊಂಡು, ಒರಟು ಕಲ್ಲಿಲೆ ಕಾಲು ತಿಕ್ಕತಿದ್ದ. ತೊಗಲು ಉಳದದ್ದ ದೊಡ್ಡದು.

ನಮ್ಮ ಮನಿಯವರು, "ಉಗುರು ಬೆಚ್ಚನ ನೀರು ಸಾಕು. ಕಲ್ಲು ಗ್ವಾಡಿ ಕಟ್ಟಾಕ ಇರಲಿ. ಮಲಗೂ ಮುಂದ ಎಮ್ಮಿ ಹಾಲಿನ ಕೆನಿ ಹಚ್ಚಿಕೋ" ಅಂತ ಹೇಳಿ ಕಳಿಸಿದ್ರು.

ಮುಂದಿನ ಸಂತಿಗಿ ಬಂದ. ಕಾಲು ಮೊದಲಿನಕಿಂತ ಕೆಟ್ಟಿದ್ದುವು, ತುಂಬಾ ತರಚಿದ ಗಾಯ.

"ಯಾಕೋ, ಕೆನಿ ಹಚ್ಚಲಿಲ್ಲೇನು?"

"ದಿನಾ ಹಚ್ಚೇನ್ರಿ. ಆದರ ನಾ ಕಣ್ಣು ಮುಚ್ಚಿದೆ ಅಂದ್ರ ಮನ್ಯಾಗಿನ ಬೆಕ್ಕು ಬಂದು ನೆಕ್ಕತೈತ್ರಿ. ಒದ್ದರ ಪರಚತೈತಿ."

ನಮ್ಮ ಮನಿಯವರು ಹಣಿ ಹಣಿ ಬಡಕೊಂಡ್ರು. "ಅಂದ್ರ ನನ್ನ ಔಷಧ ಏನೂ ಉಪಯೋಗ ಆಗಲಿಲ್ಲ ಅನ್ನು!"

"ಛೆ ಛೆ, ಹಂಗ್ಯಾಕ ಅಂತೀರಿ?" ರೈತಗ ಪಾಪ, ಪಂಡಿತರ ಮನಸ್ಸು ನೋಯಬಾರದು. "ಬೆಕ್ಕಿಗಿ ಭಾಳ ಛಲೋ ಹಿಡದೈತ್ರಿ. ಅದರ ಮೈ ನೋಡಬೇಕ್ರಿ ನೀವು, ಫಳಫಳ ಹೊಳೀತೈತಿ!"

ತುಟಿ ಒಡದ ಭಾಷಣ

ಮುಂಡರಗಿ ಕಡಿ ಒಬ್ಬರು ಭಾಷಣಕಾರರಿದ್ರು. ಏಕೀಕರಣದ ಸಭೆ ಎಲ್ಲಿದ್ರೂ ಅವರು ಬೇಕ ಬೇಕು. ಮನಸ್ಸು ಅಪ್ಪಟ, ದನಿ ಗಟ್ಟಿ. ಒಂದ ತೊಂದರಿ, ಎದ್ದು ನಿಂತರ ಕುಂಡ್ರತಿರಲಿಲ್ಲ. ಅವರ ಭಾಷಣ ಐತಿ ಅಂದ್ರ ಮಂದಿ ರೊಟ್ಟಿ ಬುತ್ತಿ ಕಟಗೊಂಡು ಹೋಗತಿದ್ರು.

ಒಮ್ಮಿ ಗದಗಿನಾಗ ಸಂಜಿ ಸಭೆ. ಮಧ್ಯಾಹ್ನ ನಮ್ಮ ಮನಿಗಿ ಬಂದ್ರು. ತುಟಿ ಎರಡೂ ಒಡದು ರಕ್ತ ಜಿನಗತಿತ್ತು. ನಮ್ಮ ಮನಿಯವರು ಏನೂ ಕೇಳಲಿಲ್ಲ, ಸುಮ್ಮನ ಮುಖಾ ನೋಡಿಕೋತ ಕುಂತ್ರು. ಭಾಷಣದವರು ಒಂದೊಂದು ಮಾತಿಗೂ ನಾಲಿಗಿಯಿಂದ ತುಟಿ ಸವರಿಕೊಳ್ಳಾಕ ಹತ್ತಿದ್ರು.

"ಸಿಕ್ತು ನೋಡ್ರಿ ಕಾರಣ. ಹಿಂಗ ಎಂಜಲಾ ಸವರಿದಷ್ಟೂ ತುಟಿ ಒಣಗತೈತಿ. ತುಪ್ಪ ಹಚ್ಚರಿ, ನಾಲಿಗಿ ಒಳಗ ಇಡ್ರಿ, ಮಾತು ಕಡಿಮಿ ಮಾಡ್ರಿ."

"ಸಂಜಿಕ ಸಭೆ ಐತೆಲ್ರಿ?"

"ಬಾಯಿ ದೊಡ್ಡದು ತಗದರ ಮತ್ತ ಸೀಳತೈತಿ. ನಿಮಗ ಬಿಟ್ಟದ್ದು."

ಸಂಜಿಕ ಅವರು ಎದ್ದು ನಿಂತ್ರು. ತುಟಿಗಿ ತುಪ್ಪ ಮಿಂಚತಿತ್ತು. "ನಾವೆಲ್ಲಾ ಒಂದ ಮನಿ ಮಕ್ಕಳು. ಒಂದ ಮನ್ಯಾಗ ಇರೂಣು. ನಮಸ್ಕಾರ" ಅಂದವರ ಕುಂತ ಬಿಟ್ರು. ಮಂದಿ ಬುತ್ತಿ ಗಂಟು ಇನ್ನೂ ಬಿಚ್ಚಿರಲಿಲ್ಲ! ಆಮ್ಯಾಲ ಎದ್ದ ಚಪ್ಪಾಳಿ ನಿಲ್ಲಲೇ ಇಲ್ಲ. ಎಷ್ಟೋ ಮಂದಿ ಕಣ್ಣು ಒರಸಿಕೊಂಡ್ರು. ನಾನೂ ಒರಸಿಕೊಂಡೆ, ಸುಳ್ಳು ಯಾಕ ಹೇಳಲಿ.

ಮರುದಿವಸ ಸಭೆ ಮಾಡಿಸಿದ ಹಿರೇರು ತೆಂಗಿನಕಾಯಿ ಹಿಡಕೊಂಡು ನಮ್ಮ ಮನಿಗಿ ಬಂದು ಕೈ ಮುಗದ್ರು.

"ಪಂಡಿತರ, ಒಂದು ಉಪಕಾರ ಮಾಡ್ರಿ. ರಾಜ್ಯ ಆಗೂ ತನಕ ಅವರ ತುಟಿ ವಾಸಿ ಮಾಡಬ್ಯಾಡ್ರಿ!"

ಶಿರಹಟ್ಟಿ ನೀರು

ಊರಾಗ ನಮ್ಮ ಮನಿಯವರ ಹೆಸರು ಏರಿತು. ನಾದಿನಿ ಕೈ ಮಾತ್ರ ಇದ್ದಂಗ ಇದ್ದುವು. ಎಳ್ಳೆಣ್ಣಿ ಆತು, ಕುಸುಬಿ ಎಣ್ಣಿ ಆತು, ಬೆಣ್ಣಿ ಆತು, ಲೋಳಿಸರ ಆತು. ಹುಡುಗಿ ಒಮ್ಮಿ, "ಅಣ್ಣಾ, ನನ್ನ ಉಪ್ಪಿನಕಾಯಿ ಮಾಡೂದೊಂದು ಬಾಕಿ ಉಳದೈತಿ" ಅಂತ ನಕ್ಕೋತ ಅಂದ್ಲು. ಒಳಗ ಬಂದು ಅತ್ಲು.

ಅಷ್ಟರಾಗ ಆಕಿ ಸ್ವಾದರಮಾವನ ಮನ್ಯಾಗ ಬಾಣಂತನ ಮಾಡಾಕ ಅಂತ ಶಿರಹಟ್ಟಿಗಿ ಹೋಗಿ ಒಂದು ತಿಂಗಳ ಇದ್ದು ಬಂದ್ಲು. ನೋಡತೀವಿ, ಕೈ ರೇಶಿಮಿ ಆಗಿ ಬಿಟ್ಟಾವು! ನಮ್ಮ ಮನಿಯವರು ಕುಣಿಯೂದೊಂದು ಬಾಕಿ. "ಶಿರಹಟ್ಟಿ ನೀರಿನ ಗುಣ! ನಮ್ಮ ಬಾವಿದು ಸವಳ ನೀರು, ಅದ ಕಾರಣ!" ಅಂತ ಚಕ್ಕಡಿ ಕಟ್ಟಿಸಿ, ಶಿರಹಟ್ಟಿಯಿಂದ ಕೊಡ ಕೊಡ ನೀರು ತರಿಸಿದ್ರು. ಶಿರಹಟ್ಟಿ ರಾಜರ ಸಂಸ್ಥಾನದಿಂದ ಬಿಟ್ಟು ನಮ್ಮ ಜಿಲ್ಲಾದಾಗ ಕೂಡಿದ್ದಕ್ಕ ನೀರು ತರಾಕ ಯಾರ ಅಪ್ಪಣೀನೂ ಬೇಕಾಗಲಿಲ್ಲ ಅಂತ ಅದಕ್ಕೊಂದು ಖುಷಿ ಬ್ಯಾರೆ.

ಓಣ್ಯಾಗಿನ ಮಂದಿ ನೋಡಿದ್ರು. ಪಂಡಿತರು ಅಷ್ಟು ದೂರದಿಂದ ನೀರು ತರಿಸ್ಯಾರ ಅಂದ್ರ ಯಾವುದೋ ತೀರ್ಥನ ಇರಬೇಕು ಅಂತ ತಂಬಗಿ ಹಿಡಕೊಂಡು ಸಾಲು ಹಚ್ಚಿದ್ರು. ಇವರು ಬರೇ ನೀರು ಅಂದ್ರೂ ಯಾರೂ ಕೇಳಲಿಲ್ಲ.

ನಾದಿನಿ ಅದ ನೀರಾಗ ಜಳಕಾ ಮಾಡಿದ್ಲು. ಎಂಟು ದಿವಸದಾಗ ಕೈ ಮತ್ತ ಬಿರತುವು. ನಮ್ಮ ಮನಿಯವರು ತಲಿಮ್ಯಾಲ ಕೈ ಹೊತ್ತು ಕುಂತ್ರು. ಅವರ ಕೈ ನೋಡಿ ನನಗ ತಟ್ಟನ ನೆನಪಾತು.

"ಏನ್ರಿ, ಆಕಿ ಶಿರಹಟ್ಟ್ಯಾಗ ಇದ್ದಾಗ ನಿಮ್ಮ ಕೈ ಬಿರತಿದ್ವಲ್ಲ?"

"ಹೌದು, ಥಂಡಿಗಿ."

"ಈಗೂ ಥಂಡಿ ಐತಿ. ಈಗ್ಯಾಕ ನೆಟ್ಟಗ ಅದಾವು? ಆಗ ಎಣ್ಣಿ ಸೀಸಿ ತೊಳೀತಿದ್ದವರು ಯಾರು?"

ಅವರು ತಮ್ಮ ಕೈ ತಿರುವಿ ತಿರುವಿ ನೋಡಿಕೊಂಡ್ರು. ನಮ್ಮ ಮನ್ಯಾಗ ದಿನಾ ರಾಶಿ ರಾಶಿ ಔಷಧದ ಸೀಸಿ. ಜಿಡ್ಡು ಹೋಗಲಿ ಅಂತ ಕುದಿಯೂ ನೀರಿಗಿ ಸೋಡಾ ಹಾಕಿ, ಬೂದಿ ಹಚ್ಚಿ ನಾದಿನೀನ ತೊಳೀತಿದ್ಲು. ಆಕಿ ಇಲ್ಲದಾಗ ಇವರು ತೊಳದಿದ್ರು. ಊರ ಮಂದಿಗಿ ಸವಾಲು ಹಾಕಿದ ಗಂಡಸು ಮನ್ಯಾಗಿನ ಬಚ್ಚಲಾ ಇಣಿಕಿ ನೋಡಿರಲಿಲ್ಲ. ತಂಗಿ ಕೈ ಹಿಡಕೊಂಡು, "ನನ್ನ ಔಷಧಕ್ಕ ನಿನ್ನ ಕೈ ಹೋತಲ್ಲವ್ವಾ" ಅಂದ್ರು. ಅವತ್ತಿನಿಂದ ಸೀಸಿ ತೊಳಿಯೂದು ಅವರ ಪಾಲಿಗಿ.

ಆ ಹೊತ್ತಿಗೇ ಓಣಿ ಮುದುಕಿ ಒಬ್ಬಾಕಿ ಬಾಗಲದಾಗ ನಿಂತು ಒದರಿದ್ಲು, "ಪಂಡಿತರ, ನಿಮ್ಮ ತೀರ್ಥ ಕುಡದು ನನ್ನ ಮೊಣಕಾಲ ನೋವು ಹೋತ್ರಿ! ಮುಂದಿನ ಚಕ್ಕಡಿ ಯಾವಾಗ ಬರತೈತಿ?"

ಕಡ್ಲಿಹಿಟ್ಟಿನ ಎರಡು ಬೋಗುಣಿ

ಕಾರಣ ಸಿಕ್ತು ಖರೆ, ತೊಗಲು ಕೂಡಾಕ ದಿವಸ ಬೇಕಲ್ಲ. ಅಷ್ಟರಾಗ ಲಕ್ಷ್ಮೇಶ್ವರದಿಂದ ಕನ್ಯಾ ನೋಡಾಕ ಬರ್ತೀವಿ ಅಂತ ಖಬರ ಬಂತು. ಛಲೋ ಮನೆತನ, ವರ ಸಾಲಿ ಮಾಸ್ತರ. ಇದೂ ತಪ್ಪಿದ್ರ ಮುಂದ ಯಾರು ಬರ್ತಾರ ಅಂತ ನಮ್ಮತ್ತಿ ದೇವರ ಮುಂದಿಂದ ಏಳಲಿಲ್ಲ.

ಅವತ್ತು ಮುಂಜಾನೆ ನಮ್ಮ ಮನಿಯವರು ಕಡ್ಲಿಹಿಟ್ಟು, ಅರಿಷಿಣ, ಹಾಲಿನ ಕೆನಿ ಕಲಿಸಿ, ಕೈ ಮೆತ್ತಗಾಗಲಿ ಅಂತ ಔಡಲೆಣ್ಣಿ, ಅಂದ್ರ ಹರಳೆಣ್ಣಿ, ಧಾರಾಳ ಸುರವಿ, ಬೋಗುಣಿ ಬೆಚ್ಚಗಿರಲಿ ಅಂತ ಒಲಿ ಹತ್ತರ ಇಟ್ರು. ನಮ್ಮತ್ತಿ ಮೆಣಸಿನಕಾಯಿ ಬಜಿ ಮಾಡಾಕ ಕಡ್ಲಿಹಿಟ್ಟು, ಖಾರಪುಡಿ, ಅಜವಾನ, ಉಪ್ಪು ಕಲಿಸಿ ಇನ್ನೊಂದು ಬೋಗುಣಿ ಅಲ್ಲೇ ಇಟ್ರು. ಎರಡೂ ಹಳದಿ, ಎರಡೂ ಗಟ್ಟಿ. ಬೀಗರು ಹೇಳಿದ್ದಕ್ಕಿಂತ ಮೊದಲಿನ ಸರ್ವಿಸ್ ಮೋಟಾರಿಗೇ ಬಂದು ಬಿಟ್ರು. ಗಡಿಬಿಡಿಯೊಳಗ ನಾದಿನಿ ಒಂದು ಬೋಗುಣಿ ಎತ್ತಿಕೊಂಡು ಬಚ್ಚಲಕ್ಕ ಹೋದ್ಲು. ನಮ್ಮತ್ತಿ ಇನ್ನೊಂದರಾಗ ಮೆಣಸಿನಕಾಯಿ ಅದ್ದಿ ಬಾಣಲಿಗಿ ಬಿಟ್ರು.

ಪಡಸಾಲ್ಯಾಗ ವರನ ಅಪ್ಪ ತಿಂದದ್ದ ತಿಂದದ್ದು. "ಎಷ್ಟು ಮಿದುವ ಅದಾವ್ರಿ! ಯಾರು ಮಾಡಿದ್ದು?" ಅಂದ್ರು. ಕನ್ಯಾ ನೋಡೂ ಮನ್ಯಾಗ ಈ ಸವಾಲಿಗಿ ಒಂದ ಉತ್ತರ. ನಮ್ಮತ್ತಿ, "ಎಲ್ಲಾ ಹುಡುಗೀನ್ರಿ" ಅಂದ್ರು. ವರಾನೂ ತಲಿ ತಗ್ಗಿಸಿ ತಾಟು ಖಾಲಿ ಮಾಡಿದ. ಅವನವ್ವ ಮಾತ್ರ ಸೋಮವಾರದ ಒಪ್ಪತ್ತು ಅಂತ ಮುಟ್ಟಲಿಲ್ಲ.

ಬಚ್ಚಲದಾಗಿಂದ, "ವೈನೀ! ಉರಿಯಾಕ ಹತ್ತೈತಿ!" ಅಂತ ನಾದಿನಿ ನನ್ನ ಕರದು ಚೀರಿದ್ದು ಕೇಳಿಸಿತು. ಓಡಿದೆ. ಹುಡುಗಿ ಕೈ ಕೆಂಪಗ ಕೆಂಡ, ಮ್ಯಾಲ ಅಜವಾನದ ಕಾಳು ಅಂಟ್ಯಾವು. ಮಜ್ಜಿಗಿ ಸುರವಿ ತೊಳದು, ನಮ್ಮ ಮನಿಯವರನ್ನ ಅಡಗಿಮನಿಗಿ ಕರದು ಕಿವಿಯೊಳಗ ಹೇಳಿದೆ. ಅವರ ಮುಖದಾಗ ರಕ್ತಾನ ಇಲ್ಲ.

"ಔಡಲೆಣ್ಣಿ ಸೇರು ಸೇರು ಹಾಕೇನಲ್ಲ! ಹೇಳಿದ್ರ ಸಂಬಂಧ ಹೋಗತೈತಿ. ಹೇಳದಿದ್ರ ಇನ್ನೊಂದು ಗಳಿಗಿಗಿ ಅವರು ಮೋಟಾರ ಹತ್ತತಾರ. ಶಿವನ, ಹಾದ್ಯಾಗ ಅವರ ಗತಿ ಏನು!"

ನಾವಿಬ್ಬರು ಹಿಂಗ ಕೈ ಹಿಸಕಿಕೋತ ನಿಂತಿದ್ವಿ. ನಾದಿನಿ ಎಲ್ಲಾ ಕೇಳಿಸಿಕೊಂಡಿದ್ಲು. ಸೆರಗು ಸರಿ ಮಾಡಿಕೊಂಡು ಸೀದಾ ಪಡಸಾಲಿಗಿ ಹೋಗಿ, ಎರಡೂ ಕೈ ಮುಂದ ಚಾಚಿದ್ಲು.

"ನೋಡ್ರಿ, ನನ್ನ ಕೈ ಹಿಂಗ ಅದಾವು. ಇವನ್ನ ನೋಡಿ ಮೊದಲು ಬಂದವರೆಲ್ಲಾ ಹೋದ್ರು. ನೀವೂ ಹೋಗ್ರಿ, ನಾ ಏನೂ ಅನ್ನೂದಿಲ್ಲ. ಆದರ ಈಗಿಂದೀಗ ಮೋಟಾರ ಮಾತ್ರ ಹತ್ತಬ್ಯಾಡ್ರಿ. ಕೈಗಿ ಹಚ್ಚೂ ಔಷಧದಾಗ ಬಜಿ ಕರದಾರ, ಅದರಾಗ ಔಡಲೆಣ್ಣಿ ಐತಿ. ಬಜಿ ಹಿಟ್ಟು ನಾ ಹಚ್ಚಿಕೊಂಡೇನಿ."

ವರನ ಅಪ್ಪಗ ಸಿಟ್ಟು ನೆತ್ತಿಗೇರಿತು. "ಏಳ್ರಿ, ಹೋಗೂಣು! ನಮ್ಮನ್ನೇನು..." ಅಂತ ಎದ್ದು ನಿಂತವರು ಹಂಗ ನಿಂತ್ರು. ಕೈ ಮೆಲ್ಲಕ ಹೊಟ್ಟಿಮ್ಯಾಲ ಹೋತು. ದನಿ ಸಣ್ಣದಾತು. "ತಂಬಗಿ ಎಲ್ಲಿ ಐತವ್ವಾ?"

ಮುಂದಿಂದು ಏನು ಹೇಳಲಿ. ಅಪ್ಪ ಬಂದ್ರ ಮಗ ಹೋಗೂದು, ಮಗ ಬಂದ್ರ ಅಪ್ಪ ಹೋಗೂದು. ಅವರ ಮೋಟಾರ ಹೋತು, ಅದರ ಹಿಂದಿನ ಮೋಟಾರೂ ಹೋತು. ನಾದಿನಿ ಆ ಉರಿಯೂ ಕೈಲೇ ತಂಬಗಿ ತುಂಬಿಟ್ಲು, ಗಂಜಿ ಕಾಸಿದ್ಲು, ಮಜ್ಜಿಗಿ ಕೊಟ್ಲು. ವರನ ತಾಯಿ ನಕ್ಕು ನಕ್ಕು ಕಣ್ಣೀರು ಒರಸಿಕೊಂಡು, ಆಕಿನ್ನ ಹತ್ತರ ಕುಂಡ್ರಿಸಿಕೊಂಡು ಕೈಗಿ ಬೆಣ್ಣಿ ಸವರಿದ್ಲು. ಸವರಿದ ಮ್ಯಾಲೂ ಆ ಕೈ ಬಿಡಲಿಲ್ಲ. ಅದನ್ನ ನೋಡಿ ನನಗ ಅಳು ತಡಿಯಲಿಲ್ಲ.

ಸಂಜಿಕ ವರನ ಅಪ್ಪ ಗ್ವಾಡಿಗಿ ಆತುಕೊಂಡು ಕುಂತಿದ್ರು, ಮುಖಾ ಇಷ್ಟ ಇಷ್ಟ ಆಗಿತ್ತು. ನಮ್ಮ ಮನಿಯವರು ಕೈ ಮುಗದು ನಿಂತ್ರು.

"ಪಂಡಿತರ, ಸುಮ್ಮನಿದ್ರ ನಾ ಮೋಟಾರ ಹತ್ತತಿದ್ದೆ. ಊರಾಗಿನ ಮಂದಿ ಎಲ್ಲಾ ಅದರಾಗ ಇರ್ತಾರ. ನನ್ನ ಮಾನ ಉಳಿಸಿದಾಕಿ ಈ ಹುಡುಗಿ. ತನ್ನ ಲಗ್ನ ಹೋದರೂ ಚಿಂತಿಲ್ಲ ಅಂತ ಖರೆ ಹೇಳಿದ್ಲು. ಇಂಥಾಕಿನ್ನ ಬಿಟ್ಟು ಹೋದ್ರ ನಮ್ಮಂಥಾ ಹುಚ್ಚರು ಯಾರು? ಕೊಡ್ರಿ ನಮ್ಮ ಮನಿಗಿ."

ವರ ಹಿತ್ತಲದಾಗಿಂದ ಬಂದು ಬಾಗಲಾ ಹಿಡಕೊಂಡು ನಿಂತಿದ್ದ. ತಲಿ ಅಲ್ಲಾಡಿಸಿ, ಹೂಂ ಅಂದು, ಮತ್ತ ತಂಬಗಿ ತಗೊಂಡು ಹೋದ.

ನಮ್ಮತ್ತಿಗಿ ನೆಲದಮ್ಯಾಲ ಕಾಲ ನಿಲ್ಲಲಿಲ್ಲ. ಸಂಬಂಧ ಕೂಡಿದ ಮ್ಯಾಲ ಬಾಯಿ ಸಿಹಿ ಆಗಬೇಕಲ್ಲ, ಒಳಗ ಓಡಿ ಬಟ್ಟಲದಾಗ ಸಕ್ಕರಿ ತಂದು ಬೀಗರ ಮುಂದ ಹಿಡದ್ರು.

ಬೀಗರು ಚಾಚಿದ ಕೈ ಹಿಂದಕ್ಕ ಎಳಕೊಂಡ್ರು.

"ಮೊದಲ ಪಂಡಿತರು ತಿನ್ನಲಿ. ತಿಂದು ಮೋಟಾರ ಸ್ಟ್ಯಾಂಡ್ ತನಕ ಹೋಗಿ ಬರಲಿ. ನೆಟ್ಟಗ ತಿರಿಗಿ ಬಂದ್ರ ಆಮ್ಯಾಲ ನಾವು ತಿಂತೀವಿ!"