ನನ್ನ ಮಗಳನ್ನು ಮಂಜಾಗಿ ತೋರಿಸಿದ ವೆಬ್‌ಕ್ಯಾಮೆರಾದವರಿಗೆ

ಅಕ್ಕಿಆಲೂರಿನ ಕಂಪ್ಯೂಟರ್ ಟೈಪಿಂಗ್ ಕೇಂದ್ರದಲ್ಲಿ ಪರದೆಯ ನೆತ್ತಿಗೆ ಕಚ್ಚಿಕೊಂಡು ಕುಳಿತಿರುವ ಮಾನ್ಯ ವೆಬ್‌ಕ್ಯಾಮೆರಾ ಅವರ ದಿವ್ಯ ಸನ್ನಿಧಾನಕ್ಕೆ, ಸದರಿ ಕೇಂದ್ರದ ಮಾಲೀಕನೂ ಏಕೈಕ ಶಿಕ್ಷಕನೂ ಕಸ ಗುಡಿಸುವವನೂ ಆದ ಮಹಾಂತೇಶನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮದ ಬಗ್ಗೆ, ಮುಖ್ಯವಾಗಿ ಬೆನ್ನಿನ ಬಗ್ಗೆ, ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮಾನ್ಯರೇ, ನಾನು ಕದ್ದ ತಂತ್ರಾಂಶವನ್ನು ಮುಟ್ಟದವನು, ಕೇಂದ್ರದ ಎಲ್ಲ ಕಂಪ್ಯೂಟರಿಗೂ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿದವನು, ಯಾರಾದರೂ ವೈರಸ್ಸಿನ ಬಗ್ಗೆ ಗೋಳಾಡಿದರೆ ಕರೆಯದಿದ್ದರೂ ಹೋಗಿ ಲಿನಕ್ಸಿನ ಗುಣಗಾನ ಮಾಡುವವನು ಎಂಬುದು ಹಾನಗಲ್ಲಿನಿಂದ ಸವಣೂರಿನವರೆಗೆ ಬಸ್ ಕಂಡಕ್ಟರುಗಳಿಗೂ ಗೊತ್ತಿರುವ ಸಂಗತಿ. ತಮಗೂ ನಾನು ಯಾವ ಕೊರತೆ ಮಾಡಿಲ್ಲ. ಮಹಾನವಮಿಯಂದು ಆಯುಧಗಳಿಗೆ ಮಾಡುವ ಖಂಡೇಪೂಜೆಯಲ್ಲಿ ಕೀಬೋರ್ಡು, ಪ್ರಿಂಟರುಗಳ ಜೊತೆ ತಮಗೂ ಹೂವೇರಿಸಿ, ಊದುಬತ್ತಿ ಬೆಳಗಿ, ಕಾಯಿ ಒಡೆದಿದ್ದೇನೆ. ಹಾಗಿದ್ದೂ ತಾವು ನನ್ನ ಮಗಳ ನಾಮಕರಣದ ದಿನವೇ ಕೈಕೊಟ್ಟಿರಿ.

ಸಂದರ್ಭ ತಮಗೆ ನೆನಪಿರಬಹುದು. ಸವಣೂರಿನಲ್ಲಿ, ನನ್ನ ಹೆಂಡತಿ ಸವಿತಾಳ ತವರಿನಲ್ಲಿ, ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದೂ ಶಾಸ್ತ್ರ. ನನ್ನ ಮಗಳಿಗಿರುವ ಒಬ್ಬಳೇ ಸೋದರತ್ತೆ ನನ್ನ ಅಕ್ಕ ಉಡಚವ್ವ, ಅವ್ವ ಹೋದ ಮೇಲೆ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಅವಳು ಹಿರೇಬೆಂಡಿಗೇರಿಯ ತನ್ನ ಮನೆಯ ಹಿತ್ತಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಅಲ್ಲಿಂದಲೇ ಹೆಸರು ಹೇಳುವಂತೆ ಮಾಡುತ್ತೇನೆ, ನಿನ್ನನ್ನು ದೊಡ್ಡ ಪರದೆಯಲ್ಲಿ ತೊಟ್ಟಿಲ ಮುಂದೆಯೇ ಕೂರಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ತಮ್ಮನ್ನೂ ಪರದೆಯನ್ನೂ ಕಂಪ್ಯೂಟರನ್ನೂ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಹೆತ್ತ ಕೂಸಿಗಿಂತ ಜೋಪಾನವಾಗಿ ಹಿಂದಿನ ದಿನವೇ ಸವಣೂರಿಗೆ ತಂದೆ.

ಮೊದಲು ತಾವು ಇದ್ದೀರೆಂದೇ ಕರೆ ಮಾಡುವ ತಂತ್ರಾಂಶ ಒಪ್ಪಲಿಲ್ಲ. ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು ಆಜ್ಞೆಗಳನ್ನು ಟೈಪಿಸಿ, ವಿಡಿಯೋ ಬಳಸುವ ಅಧಿಕಾರವುಳ್ಳವರ ಗುಂಪಿಗೆ ನನ್ನ ಹೆಸರನ್ನು ನಾನೇ ಸೇರಿಸಿಕೊಂಡು, ಯಂತ್ರವನ್ನು ಆರಿಸಿ ಹಚ್ಚಿದಾಗ ತಾವು ಕಣ್ಣು ತೆರೆದಿರಿ. ನಾನು ಮೀಸೆ ತಿರುವಿದೆ. ಆದರೆ ಪರದೆಯ ಮೇಲೆ ಕಂಡದ್ದು ಬರೀ ಬಿಳಿ ಮಂಜು. ತಮ್ಮ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು: ತೊಟ್ಟಿಲು, ಬಾಗಿಲು, ನಾನು, ಬುಟ್ಟಿಯಲ್ಲಿದ್ದ ವೀಳ್ಯದೆಲೆಯ ಕಟ್ಟು, ಎಲ್ಲವೂ ತಮಗೆ ಒಂದೇ.

ಇತ್ತೀಚೆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ನನ್ನ ಅತ್ತೆ ಮಹಾದೇವಕ್ಕ ಆಗಲೇ ಬಂದು ನೋಡಿ, "ಅಳಿಯಾರ, ಇದಕ್ಕೂ ನನ್ನಂಗ ಪೊರಿ ಬಂದಂಗ ಕಾಣತೈತ್ರಿ, ಒಮ್ಮೆ ಒರಸಿ ನೋಡ್ರಿ" ಅಂದರು. ಯಂತ್ರಕ್ಕೆ ಪೊರೆ ಬರುವುದಿಲ್ಲ, ಇದು ಕ್ಯಾಮೆರಾವನ್ನು ನಡೆಸುವ ಚಾಲಕ ತಂತ್ರಾಂಶದ ಸೂಕ್ಷ್ಮ ಸಮಸ್ಯೆ ಎಂದು ನಾನು ಅವರಿಗೆ ಅರ್ಧ ಗಂಟೆ ಪಾಠ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೋಳಿಗೆಯ ಹೂರಣ ರುಬ್ಬಲು ಹೋದರು. ಭಾವಮೈದುನ ಅಂಬರೀಶ ತನ್ನ ಮೊಬೈಲನ್ನು ಮೂರು ಸಲ ಮುಂದೆ ಹಿಡಿದ. ಮೊಬೈಲು ಕೈಯಲ್ಲಿ ನಡುಗುತ್ತದೆ, ನಡುಗುವ ಕೈಯಿಂದ ನಾಮಕರಣ ಮಾಡಬಾರದು ಎಂಬ ಇಲ್ಲದ ಶಾಸ್ತ್ರವೊಂದನ್ನು ನಾನು ಅಲ್ಲಿಯೇ ಹುಟ್ಟಿಸಿದೆ. ಬೆಳಕನ್ನು ಇಳಿಸಿದೆ, ಬಣ್ಣವನ್ನು ಏರಿಸಿದೆ, ಚಾಲಕವನ್ನು ಕಿತ್ತು ಮತ್ತೆ ಹಾಕಿದೆ. ಮಂಜು ಒಮ್ಮೆ ಹಳದಿಯಾಗಿ ಮತ್ತೆ ಬಿಳಿಯಾಯಿತು.

ಮರುದಿನ ಎಲ್ಲರೂ ತೊಟ್ಟಿಲ ಸುತ್ತ ನಿಂತಾಗ ಅಕ್ಕ ಪರದೆಯಲ್ಲಿ ಚೆನ್ನಾಗಿಯೇ ಕಂಡಳು. ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಅವಳಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಹೆಸರು ಹೇಳು, ಮುಖ ಆಮೇಲೆ ನೋಡಿದರಾಯಿತು ಎಂದು ನಾನು ಅವಸರ ಮಾಡಿದೆ.

"ಕೂಸಿನ ಮಾರಿ ನೋಡಲಾರದ ಹೆಸರು ಹೆಂಗ ಇಡ್ಲೋ ತಮ್ಮಾ?" ಅಂದಳು ಅಕ್ಕ, ಮತ್ತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೊಟ್ಟ ಮಾತು ನನ್ನ ಕಣ್ಣೆದುರಿಗೇ ಸುಳ್ಳಾಗುತ್ತಿತ್ತು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಅಂಬರೀಶ ನಾಲ್ಕನೆಯ ಸಲ ಜೇಬಿಗೆ ಕೈಹಾಕುವಷ್ಟರಲ್ಲಿ ಅತ್ತೆ ಯಾರನ್ನೂ ಕೇಳದೆ ಮುಂದೆ ಬಂದು, ಒದ್ದೆ ಸೆರಗಿನ ತುದಿಯಿಂದ, ಮಾನ್ಯರೇ, ತಮ್ಮ ಗಾಜಿನ ಮುಖವನ್ನು ತಿಕ್ಕಿದರು. ಸೆರಗಿಗೆ ಬೂದಿ ಹತ್ತಿತು. ಖಂಡೇಪೂಜೆಯ ದಿನ ಭಕ್ತಿಯ ಭರದಲ್ಲಿ, ತಮ್ಮ ದುಂಡನೆಯ ಗಾಜನ್ನು ಹಣೆಯೆಂದು ತಿಳಿದು, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದವನು ನಾನೇ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆ ನನಗೆ ಶಾಲೆಯಲ್ಲೇ ಬಾಯಿಪಾಠವಾಗಿತ್ತು.

ಮಂಜು ಹರಿಯಿತು; ಅಕ್ಕ ಮುಂದಕ್ಕೆ ಬಾಗಿ ಕೂಸಿನ ಮುಖ ನೋಡಿದಳು. ಆಮೇಲೆ ಮಾಲಾ ಎಂದಳು. ಗುದ್ದಲು ಸೋದರತ್ತೆಯ ಬೆನ್ನು ಎಟುಕದ ಕಾರಣ, ಅವಳ ತಮ್ಮನಾದ ನನ್ನ ಬೆನ್ನು ನಡೆಯುತ್ತದೆಂದು ಹೆಂಗಸರೆಲ್ಲ ಆ ಕ್ಷಣದಲ್ಲೇ ತೀರ್ಮಾನಿಸಿದರು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ: ಮುಂದೆ ಯಾರಾದರೂ ತಮ್ಮ ಕಣ್ಣಿಗೆ ಪೂಜೆ ಮಾಡಲು ಬಂದರೆ ಒಮ್ಮೆ ಸೀನಬೇಕು, ಅವನು ಲಿನಕ್ಸಿನ ಪಾಠಕ್ಕೆ ಬಾಯಿ ತೆರೆದರೆ ಎರಡು ಸಲ ಸೀನಬೇಕು, ಸಾಧ್ಯವಾದರೆ ಅವನ ಅತ್ತೆಯನ್ನು ಕೂಗಬೇಕು. ನನ್ನ ದೂರನ್ನು ನನ್ನ ಮೇಲೆಯೇ ದಾಖಲಿಸಿಕೊಳ್ಳಬೇಕಾಗಿ ಕೋರುತ್ತೇನೆ.

ವಿಭೂತಿಯ ಕೈ ತೊಳೆದುಕೊಂಡಿರುವ,
ತಮ್ಮ ವಿಶ್ವಾಸಿ,
ಮಹಾಂತೇಶ

ತಾ.ಕ.: ಅಕ್ಕ ಈಗ ದಿನಾ ಕರೆ ಮಾಡುತ್ತಾಳೆ. ಮೊದಲು ಮಾಲಾಳನ್ನು ತೋರಿಸು ಅನ್ನುತ್ತಾಳೆ, ಆಮೇಲೆ ನನ್ನ ಬೆನ್ನನ್ನು. ಬಿದ್ದ ದಿನದಿಂದ ನಗದಿದ್ದವಳು ಅಂದು ನಾನು ಗುದ್ದು ತಿನ್ನುವುದನ್ನು ಕಂಡು ನಕ್ಕಳು. ಅಷ್ಟು ಸ್ಪಷ್ಟವಾಗಿ ಅದನ್ನು ತೋರಿಸುವ ಅಗತ್ಯ ತಮಗಿರಲಿಲ್ಲ; ಆದರೂ ತೋರಿಸಿದ್ದಕ್ಕೆ ತಮ್ಮ ಋಣ ನನ್ನ ಮೇಲಿದೆ.