ಐವತ್ತು ವರ್ಷದ ಇತಿಹಾಸ, ಸಂಜೆ ಐದರೊಳಗೆ

ರವಾನೆ ವಿಭಾಗದ ಗುಮಾಸ್ತ ಮಾಡಿದ ತಪ್ಪು ಒಂದೇ. ಹಿಂದಿನ ಮ್ಯಾನೇಜರರ ಬೀಳ್ಕೊಡುಗೆಯ ದಿನ ನಾಲ್ಕು ಸಾಲು ಪ್ರಾಸ ಕೂಡಿಸಿ ಓದಿದ್ದ. ಹೊರದೇಶದ ರಾಸಾಯನಿಕ ಕಂಪನಿಯೊಂದರ ಇಲ್ಲಿನ ಶಾಖೆಯಲ್ಲಿ ಅಂದಿನಿಂದ ಅವನು ‘ಕವಿಗಳು’.

ಬೆಳಗ್ಗೆ ಒಂಬತ್ತಕ್ಕೆ ಹೊಸ ಮ್ಯಾನೇಜರು ಕರೆದರು.

“ಕವಿಗಳೇ, ಸಂಜೆ ಐದಕ್ಕೆ ಹೊರದೇಶದ ಮುಖ್ಯ ಕಚೇರಿಯಿಂದ ನಿರ್ದೇಶಕರು ಬರ್ತಾರೆ. ನಮ್ಮ ಶಾಖೆಗೆ ಐವತ್ತು ವರ್ಷ ಆಯ್ತಲ್ಲ, ಅಷ್ಟರೊಳಗೆ ಅದರ ಇತಿಹಾಸ ಬರೆದುಬಿಡಿ.”

“ಐವತ್ತು ವರ್ಷದ್ದೂನಾ ಸಾರ್?”

“ಊಟದ ಬಿಡುವೂ ಇದೆಯಲ್ರೀ.”

ಕವಿಯ ಹೆಂಡತಿ ಬಂದರಿನ ಊರಿನಲ್ಲಿ ಶಾಲಾ ಟೀಚರು. ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. ಅಲ್ಲಿನ ಡಿಪೋಗೆ ವರ್ಗ ಕೇಳಿ ಅವನು ಕೊಟ್ಟ ಅರ್ಜಿ ನಾಲ್ಕು ವರ್ಷದಿಂದ ಮ್ಯಾನೇಜರರ ಮೇಜಿನ ಮೇಲೆ ನೀರಿನ ಲೋಟದ ಕೆಳಗೆ ತಣ್ಣಗಿತ್ತು. ಮ್ಯಾನೇಜರು ಲೋಟ ಎತ್ತಿ ತೋರಿಸಿದರು. “ನಿರ್ದೇಶಕರಿಗೆ ಇತಿಹಾಸ ಹಿಡಿಸಿದ್ರೆ ಇವತ್ತೇ ಇದಕ್ಕೆ ರುಜು ಹಾಕಿಸ್ತೀನಿ.”

ಕವಿ ದಾಖಲೆ ಕೋಣೆಗೆ ಓಡಿದ. ಮೊದಲ ಇಪ್ಪತ್ತು ವರ್ಷವನ್ನು ಗೆದ್ದಲು ಆಗಲೇ ಓದಿ ಮುಗಿಸಿತ್ತು. ಉಳಿದ ಮೂವತ್ತರಲ್ಲಿ ಇದ್ದದ್ದು ಫ್ಯಾನ್ ರಿಪೇರಿಯ ಪತ್ರಗಳು. ಇನ್ನು ಜನರ ಬಾಯೇ ಗತಿ.

ಶಾಖೆಗೆ ಹೆಸರು ತಂದದ್ದು ನೆಲ ತೊಳೆಯುವ ನೀಲಿ ದ್ರಾವಣ. ಅದು ಹುಟ್ಟಿದ್ದು ಹೇಗೆ ಎಂದು ಲ್ಯಾಬಿನ ಮೇಡಂ ಅವರನ್ನು ಕೇಳಿದ.

“ನಮ್ಮ ಗುರುಗಳ ಏಳು ವರ್ಷದ ತಪಸ್ಸು ಕಣ್ರೀ. ಹಾಗೇ ಬರೀರಿ.”

ಬಾಗಿಲಲ್ಲಿ ನಿಂತಿದ್ದ ಬಾಯ್ಲರ್ ಮೇಸ್ತ್ರಿ ನಕ್ಕ. “ತಪಸ್ಸೂ ಇಲ್ಲ, ಮಣ್ಣೂ ಇಲ್ಲ. ನಮ್ಮಪ್ಪ ಬಟ್ಟೆ ಬಣ್ಣ ಕುದಿಯಕ್ಕಿಟ್ಟು, ವಾಲ್ವ್ ಮುಚ್ಚೋದು ಮರೆತು ಟೀಗೆ ಹೋಗಿದ್ರು. ಬಂದು ನೋಡಿದ್ರೆ ಬಣ್ಣ ಕೆಟ್ಟಿದೆ, ಅದು ಉಕ್ಕಿದ ನೆಲ ಮಾತ್ರ ಫಳಫಳ!”

“ಅಪಘಾತ ಅಂತ ಬರೆದ್ರೆ ನಾನು ಸುಮ್ನಿರಲ್ಲ,” ಎಂದರು ಮೇಡಂ.

“ನಮ್ಮಪ್ಪನ್ನ ಬಿಟ್ರೆ ನಾಳೆ ಬಾಯ್ಲರ್ ಹೊತ್ತಲ್ಲ,” ಎಂದ ಮೇಸ್ತ್ರಿ.

ಸುದ್ದಿ ಕ್ಯಾಂಟೀನಿಗೂ ಮುಟ್ಟಿತು. ಕ್ಯಾಂಟೀನಿನ ಅಕ್ಕ ಸೌಟು ಹಿಡಿದೇ ಬಂದಳು. “ಆ ಟೀ ಮಾಡಿದ್ದು ನಮ್ಮತ್ತೆ. ಟೀ ಚೆನ್ನಾಗಿರ್ಲಿಲ್ಲಾಂದ್ರೆ ಇವರಪ್ಪ ಬೇಗ ವಾಪಸ್ ಬಂದು ವಾಲ್ವ್ ಮುಚ್ತಿದ್ರು. ಆಗ ನಿಮ್ಮ ನೀಲಿ ನೀರು ಎಲ್ಲಿರ್ತಿತ್ತು?”

ಅಷ್ಟರಲ್ಲಿ ಮ್ಯಾನೇಜರು ಇಣುಕಿ, “ಈಗಿನದು ಸುವರ್ಣಯುಗ ಅಂತ ಸೇರಿಸಿ,” ಎಂದು ಹೋದರು. ಸುವರ್ಣಯುಗ ಶುರುವಾಗಿ ಏಳು ತಿಂಗಳಾಗಿತ್ತು.

ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಕವಿ ಬರೆದ: ‘ಏಳು ವರ್ಷದ ತಪಸ್ಸು ಫಲಿಸುವ ಗಳಿಗೆಯಲ್ಲಿ, ಅತ್ಯುತ್ತಮ ಚಹಾದ ಪ್ರೇರಣೆಯಿಂದ, ಒಂದು ವಾಲ್ವು ಮುಚ್ಚದೆ ಉಳಿಯಿತು.’ ಮೂವರೂ ಓದಿ, ತಂತಮ್ಮ ಪಾಲು ಸರಿಯಾಗಿದೆಯೆಂದು ತಲೆಯಾಡಿಸಿದರು. ಊಟದ ಡಬ್ಬಿಯಲ್ಲಿ ಅನ್ನ ಆರಿ ಅಂಟಾಗಿತ್ತು. ಕವಿ ಅದನ್ನು ಮುಟ್ಟಲಿಲ್ಲ.

ಐದಕ್ಕೆ ನಿರ್ದೇಶಕರು ಬಂದರು. ಸಭೆಯಲ್ಲಿ ಕೂತು ಇತಿಹಾಸ ಓದಿದರು. ವಾಲ್ವಿನ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಯಾರು ಬರೆದದ್ದು?”

ಏನಾಗುವುದೋ ತಿಳಿಯದೆ ಎಲ್ಲರೂ “ಕವಿಗಳು” ಎಂದು ಅವನ ಕಡೆ ಬೆರಳು ತೋರಿಸಿದರು.

“ನಾನು ಬಂದದ್ದು ಬೇರೆ ವಿಷಯಕ್ಕೆ,” ಎಂದರು ನಿರ್ದೇಶಕರು. “ಈ ಕಾರ್ಖಾನೆ ಕೆಡವಿ, ಇಡೀ ಶಾಖೇನ ಬಂದರಿನ ಊರಿಗೆ ಸಾಗಿಸ್ತಿದ್ದೀವಿ. ಎಲ್ಲರಿಗೂ ಅಲ್ಲೇ ಕೆಲಸ.”

ಕವಿ ಮನಸ್ಸಿನಲ್ಲೇ ರೈಲು ಹತ್ತಿಬಿಟ್ಟ. ಅರ್ಜಿಯೂ ಬೇಡ, ರುಜುವೂ ಬೇಡ!

“ಆದ್ರೆ ಇದನ್ನ ಓದಿದ ಮೇಲೆ ಕೆಡವಕ್ಕೆ ಮನಸ್ಸು ಬರ್ತಿಲ್ಲ. ಕಟ್ಟಡ ಹೀಗೇ ಇರ್ಲಿ, ಮ್ಯೂಸಿಯಂ ಮಾಡೋಣ. ಕವಿಗಳೇ, ಬೇರೆಯವರೆಲ್ಲ ಹೋಗ್ಲಿ. ನಿವೃತ್ತಿ ಆಗೋ ತನಕ ನೀವೊಬ್ರು ಇಲ್ಲೇ ಇದ್ದು ನೋಡ್ಕೊಳ್ಳಿ.”

ಚಪ್ಪಾಳೆ ಬಿತ್ತು. ಮ್ಯಾನೇಜರದು ಎಲ್ಲರಿಗಿಂತ ಜೋರು.

ಸಭೆ ಮುಗಿದ ಮೇಲೆ ಮೇಸ್ತ್ರಿ ಬಂದು ಕವಿಯ ಎರಡೂ ಕೈ ಹಿಡಿದುಕೊಂಡ. “ನಮ್ಮಪ್ಪನ ಮರ್ಯಾದೆ ಉಳಿಸಿದ್ರಿ. ಇನ್ನೊಂದು ಸಣ್ಣ ಉಪಕಾರ. ಅತ್ತಿಗೆಯವರಿಗೊಂದು ಫೋನ್ ಮಾಡಿ, ಅಲ್ಲಿ ನಿಮ್ಮ ಮನೆ ಪಕ್ಕ ನಮಗೊಂದು ಬಾಡಿಗೆ ಮನೆ ಸಿಗುತ್ತಾ ಕೇಳಿ.”

ಕವಿ ಫೋನ್ ಮಾಡಿ ಕೇಳಿದ. ಸಿಗುತ್ತಂತೆ.